ಮಾವನ ಗೋಡೆಯ ‘ಸರ್ವತ್ರ’

ಕಾಪು ಲೈಟ್‌ಹೌಸಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನನ್ನ ಸೋದರಮಾವನ ಮನೆ. ಮಾವ ಮಿಲಿಟರಿಯಲ್ಲಿದ್ದವರು. ಮಿಲಿಟರಿ ಅಂದ ಕೂಡಲೇ ಬಂದೂಕು ಹಿಡಿದು ಗಡಿ ಕಾಯುತ್ತಿದ್ದರು ಅಂತ ನಾವೆಲ್ಲ ಚಿಕ್ಕವರಿದ್ದಾಗ ಅಂದುಕೊಂಡಿದ್ದೆವು. ರಜೆಯಲ್ಲಿ ಊರಿಗೆ ಬಂದಾಗ ಅವರ ಸುತ್ತ ಕೂತು “ಮಾವ, ಎಷ್ಟು ಜನರನ್ನು ಕೊಂದಿರಿ?” ಅಂತ ಕೇಳಿದರೆ, “ಕೊಲ್ಲುವುದು ಎಂತದ್ದು ಮಾರಾಯ, ನಾನು ಸೇತುವೆ ಕಟ್ಟಿದ್ದು, ರಸ್ತೆ ಮಾಡಿದ್ದು, ಹೊಂಡ ತೋಡಿದ್ದು” ಅನ್ನುತ್ತಿದ್ದರು. ನಮಗೋ ಭಾರೀ ನಿರಾಸೆ. ಹೊಂಡ ತೋಡಲಿಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ತೋಟದಲ್ಲೇ ತೋಡಬಹುದಿತ್ತಲ್ಲ ಅಂತ!

ಅವರ ಚಾವಡಿಯ ಗೋಡೆಯಲ್ಲಿ ಮರದ ಹಲಗೆಯ ಮೇಲೆ ಕೂರಿಸಿದ ಒಂದು ಹಿತ್ತಾಳೆಯ ಲಾಂಛನ ಇದೆ. ಮೇಲೆ ಅಶೋಕನ ಸಿಂಹಗಳು, ಸುತ್ತ ಎಲೆಗಳ ಬಳ್ಳಿ, ಕೆಳಗೆ ಸುರುಳಿಯ ಹಾಗೆ ಮಡಚಿದ ಪಟ್ಟಿಯಲ್ಲಿ ನಾಗರಿ ಲಿಪಿಯಲ್ಲಿ ಒಂದೇ ಒಂದು ಪದ: ಸರ್ವತ್ರ. ವರ್ಷಕ್ಕೊಮ್ಮೆ ದೀಪಾವಳಿಗೆ ಅತ್ತೆ ಅದನ್ನು ಹುಣಸೆಹುಳಿ ಹಾಕಿ ತಿಕ್ಕಿ ಹೊಳೆಯಿಸುತ್ತಾರೆ, ದೇವರ ಕೋಣೆಯ ದೀಪಗಳ ಜೊತೆಗೇ.

ಈ ಹಿತ್ತಾಳೆಯ ತುಂಡಿನ ಬಗ್ಗೆ ನಾನು ಬರೆಯಲು ಕೂತದ್ದಕ್ಕೆ ಒಂದು ಕಾರಣ ಉಂಟು. ಮಾವನ ಮೊಮ್ಮಗಳು ಮಣಿಪಾಲದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಒಂದು ಭಾನುವಾರ ಕಾಪು ಬೀಚಿಗೆಂದು ಬಂದವಳು ನಾಲ್ಕೈದು ಸಹಪಾಠಿಗಳನ್ನು ಮನೆಗೂ ಕರೆತಂದಳು. ನಾನೂ ಅಲ್ಲೇ ಇದ್ದೆ. ನೀರುದೋಸೆ ತಿನ್ನುತ್ತಾ ಮಾವನ ಕಪಾಟಿನಲ್ಲಿದ್ದ ಹಳೆಯ ಸ್ಮರಣ ಸಂಚಿಕೆಯೊಂದನ್ನು ಮಕ್ಕಳು ತಿರುವಿ ಹಾಕುತ್ತಿದ್ದರು. ಅದರಲ್ಲಿ ಪಲ್ಟನಿಗೆ ಸಂದ ಯುದ್ಧಗೌರವಗಳ ಪಟ್ಟಿ. ಅವರಲ್ಲಿ ಮಂಡ್ಯ ಕಡೆಯ ಒಬ್ಬ ಹುಡುಗ ಪಟ್ಟಿಯ ಮೇಲೆ ಬೆರಳಿಟ್ಟು ಬಹಳ ಮುಗ್ಧವಾಗಿಯೇ ಕೇಳಿದ:

“ತಾತ, ಶ್ರೀರಂಗಪಟ್ಣ ಅಂತ ಬರ್ದೈತಲ್ಲಾ, ಅಲ್ಲಿ ನಿಮ್ಮೋರು ಯಾವ ಕಡೆ ಇದ್ರು?”

ಮಾವ ಒಂದು ಕ್ಷಣ ಸುಮ್ಮನಾದರು. ಆಮೇಲೆ ನಕ್ಕು, “ನಾವು ಅಗೆಯುವ ಕಡೆ ಮಗಾ” ಅಂದರು. ಎಲ್ಲರೂ ನಕ್ಕರು. ಮಾತು ಬೇರೆ ಕಡೆ ಹೋಯಿತು. ಆದರೆ ಮಕ್ಕಳೆಲ್ಲ ಹೋದ ಮೇಲೆ ಮಾವ ಆ ಗೋಡೆಯನ್ನೇ ನೋಡುತ್ತಾ ಕೂತಿದ್ದರು. “ಹುಡುಗ ಕೇಳಿದ್ದು ಸರಿ ಅಲ್ವಾ? ಇಷ್ಟು ವರ್ಷ ಅಲ್ಲಿ ಇದ್ದು ನಾನು ಒಮ್ಮೆಯೂ ಕೇಳಲಿಲ್ಲ ನೋಡು. ನಿನಗೆ ಓದುವ ಮರುಳು ಉಂಟಲ್ಲ, ಸ್ವಲ್ಪ ನೋಡಿ ಹೇಳು” ಅಂದರು. ಹಾಗೆ ಶುರುವಾದದ್ದು ಇದು.

ಮಾವ ಇದ್ದದ್ದು ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ. ಹಳೆಯ ಹೆಸರು ಮದ್ರಾಸ್ ಸ್ಯಾಪರ್ಸ್. ಭಾರತೀಯ ಸೇನೆಯ ಇಂಜಿನಿಯರ್ಸ್ ಕೋರ್‌ನಲ್ಲಿ ಇಂಥವು ಮೂರು: ಬೆಂಗಳೂರಿನ ಮದ್ರಾಸ್, ರೂರ್ಕಿಯ ಬೆಂಗಾಲ್, ಪುಣೆ ಬಳಿ ಖಡಕಿಯ ಬಾಂಬೆ. ಮೂರರಲ್ಲೂ ಹೆಸರಿನ ಊರೇ ಬೇರೆ, ಇರುವ ಊರೇ ಬೇರೆ ಅನ್ನುವುದು ತಮಾಷೆ. ಬೆಂಗಳೂರಿನಲ್ಲಿದ್ದೂ ಮದ್ರಾಸ್ ಯಾಕೆ, ಉಡುಪಿಯವರಿಗೂ ಮದ್ರಾಸಿಗೂ ಏನು ಸಂಬಂಧ ಅಂತ ಈಗಿನವರಿಗೆ ಅನಿಸಬಹುದು. ನಮ್ಮ ದಕ್ಷಿಣ ಕನ್ನಡ (ಆಗ ಉಡುಪಿ ಬೇರೆ ಜಿಲ್ಲೆಯಲ್ಲ, ಅದಾದದ್ದು 1997ರಲ್ಲಿ) 1956ರ ತನಕ ಮದ್ರಾಸಿನ ಕೆಳಗೇ ಇತ್ತು. 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿಗೆ ಸೇರಿಸಿದಾಗಲೂ ನಾವು ಮದ್ರಾಸಿನಲ್ಲೇ ಉಳಿದೆವು. ಅಜ್ಜನ ಕಾಲದವರಿಗೆ ‘ಸರಕಾರ’ ಅಂದರೆ ಮದ್ರಾಸು.

ಈ ಪಲ್ಟನಿನ ಸಿಪಾಯಿಗೆ ಅಕ್ಕರೆಯ ಹೆಸರು ‘ತಂಬಿ’. ತಮಿಳಿನಲ್ಲಿ ತಮ್ಮ. ಇನ್ನು ಮದ್ರಾಸ್ ಇಂಜಿನಿಯರ್ ಗ್ರೂಪಿನ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಓದಿದರೆ ‘ಮೆಗ್’ ಅಂತಾಗುತ್ತದೆ. ತುಳುವಿನಲ್ಲಿ ತಮ್ಮನಿಗೆ ‘ಮೆಗ್ಯೆ’. ಇದು ಬರೀ ಕಾಕತಾಳೀಯ, ಇದರಿಂದ ಯಾವ ಸಿದ್ಧಾಂತವನ್ನೂ ಮಂಡಿಸುತ್ತಿಲ್ಲ. ಆದರೆ ಮಾವನಿಗೆ ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು :-)

ಈಗ ಹುಡುಗನ ಪ್ರಶ್ನೆಗೆ ಬರೋಣ. ಮದ್ರಾಸ್ ಸ್ಯಾಪರ್ಸ್ ತಮ್ಮ ಹುಟ್ಟಿದ ದಿನ ಅಂತ ಆಚರಿಸುವುದು ಸೆಪ್ಟೆಂಬರ್ 30. ವರ್ಷ 1780. ಮದ್ರಾಸಿನಲ್ಲಿ ಕಂಪೆನಿ ಸರಕಾರ ಎರಡು ಕಂಪೆನಿ ಪಯೋನೀರ್‌ಗಳನ್ನು ಕಟ್ಟಿದ ದಿನ ಅದು. ಈ ದಿನಾಂಕವನ್ನು ನೋಡಿದ ಕೂಡಲೇ ನನಗೆ ಇನ್ನೊಂದು ದಿನಾಂಕ ನೆನಪಾಯಿತು. ಅದೇ ವರ್ಷ ಜುಲೈಯಲ್ಲಿ ಹೈದರಾಲಿ ಕರ್ನಾಟಿಕ್ ಸೀಮೆಗೆ ಇಳಿದಿದ್ದ. ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಇಡೀ ದಂಡು ಹೈದರ್ ಮತ್ತು ಟಿಪ್ಪುವಿನ ಕೈಯಲ್ಲಿ ನಾಶವಾಯಿತು. ಬದುಕಿ ಉಳಿದವರು, ಬೈಲಿಯೂ ಸೇರಿ, ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಬಂದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯಲ್ಲಿ ಆ ಯುದ್ಧದ ದೊಡ್ಡ ಚಿತ್ರ ಇದೆಯಲ್ಲ, ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತ ಬೈಲಿ, ಸಿಡಿಯುತ್ತಿರುವ ಮದ್ದಿನ ಗಾಡಿ... ಶಾಲಾ ಪ್ರವಾಸದಲ್ಲಿ ಎಲ್ಲರೂ ನೋಡಿರುತ್ತೀರಿ. ಆ ಸೋಲಿಗೂ ಪಯೋನೀರ್ ಕಂಪೆನಿಗಳು ಹುಟ್ಟಿದ್ದಕ್ಕೂ ನಡುವೆ ಬರೇ ಇಪ್ಪತ್ತು ದಿನ.

ಅಂದರೆ, ಹೈದರಾಲಿಯ ಹೆದರಿಕೆ ಇಲ್ಲದಿದ್ದರೆ ಮಾವನ ಪಲ್ಟನು ಆಗ ಹುಟ್ಟುತ್ತಲೇ ಇರಲಿಲ್ಲ. ಮಂಡ್ಯದ ಹುಡುಗನ ಬೆರಳು ಸರಿಯಾದ ಜಾಗದಲ್ಲೇ ಬಿದ್ದಿತ್ತು. 1781ರ ಶೋಳಿಂಗೂರು, 1790-92ರ ಮೈಸೂರು ಯುದ್ಧ, 1799 ಮೇ 4ರ ಶ್ರೀರಂಗಪಟ್ಟಣ ಎಲ್ಲವೂ ಆ ಪಟ್ಟಿಯಲ್ಲಿವೆ. ಕೋಟೆ ಹಿಡಿಯುವ ಯುದ್ಧದಲ್ಲಿ ಪಯೋನೀರ್‌ಗಳ ಕೆಲಸ ಕಂದಕ ತೋಡುವುದು, ಮರಳಿನ ಚೀಲ, ಕಟ್ಟಿಗೆಯ ಹೊರೆ, ಏಣಿ ಹೊತ್ತು ತರುವುದು, ಫಿರಂಗಿಗೆ ಕಟ್ಟೆ ಕಟ್ಟುವುದು. ಅವರು ದಾರಿ ಮಾಡಿಕೊಡದೆ ಬಂದೂಕಿನವರು ಒಳಗೆ ಹೋಗುವ ಹಾಗಿಲ್ಲ.

ಸ್ಯಾಪರ್ ಅನ್ನುವ ಶಬ್ದವೂ ಅಲ್ಲಿಂದಲೇ ಬಂದದ್ದು. ಇಟಾಲಿಯನ್ನಿನ ‘ಜಪ್ಪ’ ಅಂದರೆ ಗುದ್ದಲಿ, ಅದು ಫ್ರೆಂಚಿನಲ್ಲಿ ‘ಸಾಪ್’ ಆಗಿ, ಗೋಡೆಯ ಬುಡಕ್ಕೆ ಕಂದಕ ತೋಡುತ್ತಾ ಹೋಗುವವನು ಸ್ಯಾಪರ್ ಆದ. ನಮ್ಮಲ್ಲಿ ಇದೇ ಕೆಲಸದವನಿಗೆ ‘ಬೇಲ್ದಾರ’ ಅನ್ನುತ್ತಿದ್ದರು. ಪಾರ್ಸಿಯಲ್ಲಿ ‘ಬೇಲ್’ ಅಂದರೆ ಸಲಿಕೆ. ಗುದ್ದಲಿಯವನು, ಸಲಿಕೆಯವನು. ಎರಡೂ ಒಂದೇ.

ಮೈಸೂರಿನವರಿಗೆ ಈ ವಿದ್ಯೆ ಗೊತ್ತಿರಲಿಲ್ಲ ಅಂತಲ್ಲ. ನಮ್ಮ ಕರಾವಳಿಯಲ್ಲೇ ಅದರ ದೊಡ್ಡ ಪ್ರಯೋಗ ನಡೆದದ್ದು. 1783ರ ಮೇ ತಿಂಗಳಿಂದ 1784ರ ಜನವರಿಯ ತನಕ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಕೂತ. ಒಳಗೆ ಕರ್ನಲ್ ಕ್ಯಾಂಪ್‌ಬೆಲ್. ಹೊರಗಿನಿಂದ ಕಂದಕ, ಸುರಂಗ, ಫಿರಂಗಿ. ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಯೂರೋಪಿನಲ್ಲಿ ಸಂಧಿಯಾದ ಸುದ್ದಿ ಬಂದ ಕೂಡಲೇ ನಡುವೆಯೇ ಕೈತೊಳೆದುಕೊಂಡರು. ಕೊನೆಗೆ ಒಳಗಿದ್ದವರು ಹಸಿವು, ರೋಗಗಳಿಗೆ ಸೋತು ಕೋಟೆ ಬಿಟ್ಟರು. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ. ಇಲ್ಲಿ ಅಗೆದವರು ಟಿಪ್ಪುವಿನ ಕಡೆಯವರು, ಶ್ರೀರಂಗಪಟ್ಟಣದಲ್ಲಿ ಅಗೆದವರು ಕಂಪೆನಿಯ ಕಡೆಯವರು. ಕಾಪು, ಉಡುಪಿಯ ಜನ ಯಾವ ಕಡೆ ಅಂತ ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. 1763ರ ತನಕ ಕೆಳದಿಯವರಿಗೆ ಕಂದಾಯ ಕಟ್ಟಿದರು, ಆಮೇಲೆ ಹೈದರನಿಗೆ, 1799ರ ನಂತರ ಕಂಪೆನಿಯ ಕಲೆಕ್ಟರ್ ಮನ್ರೋಗೆ. ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದುಹೋದ ಮಂಗಳೂರಿನ ಕ್ರೈಸ್ತ ಕುಟುಂಬಗಳನ್ನು ಕೇಳಿದರೆ ಒಂದು ಉತ್ತರ, ಮೈಸೂರು ಸೀಮೆಯಲ್ಲಿ ಕೇಳಿದರೆ ಇನ್ನೊಂದು.

ಸುರಂಗ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಟೆ ಹಿಡಿಯುವ ಉಪಾಯಗಳ ನಡುವೆ ಈ ಪದ ಬರುತ್ತದೆ. ಗ್ರೀಕಿನ ‘ಸಿರಿಂಕ್ಸ್’, ಅಂದರೆ ಕೊಳವೆ, ಕೊಳಲು ಅನ್ನುವ ಶಬ್ದವೇ ಸಂಸ್ಕೃತಕ್ಕೆ ಬಂದು ‘ಸುರುಂಗಾ’ ಆಯಿತು ಅಂತ ಭಾಷಾಶಾಸ್ತ್ರಜ್ಞರಲ್ಲಿ ಹಲವರ ಅಭಿಪ್ರಾಯ. ಡಾಕ್ಟರರ ಕೈಯಲ್ಲಿರುವ ಸಿರಿಂಜೂ ಅದೇ ಮೂಲದ್ದು. ಕೋಟೆ ಬೀಳಿಸಲು ಬಂದ ಆ ಶಬ್ದ ನಮ್ಮ ಕಾಸರಗೋಡು, ಬಂಟ್ವಾಳದ ಗುಡ್ಡಗಳಲ್ಲಿ ನೀರು ತರುವ ಕೆಲಸಕ್ಕೆ ನಿಂತಿತು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು ನೀರನ್ನು ತಾನಾಗಿ ಹರಿದುಬರುವಂತೆ ಮಾಡುವ ಸುರಂಗಗಳು ಅಲ್ಲಿ ಲೆಕ್ಕವಿಲ್ಲದಷ್ಟು. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತಲ್ಲ, ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಒಂದರ ಮೇಲೊಂದು ಸೋತು, ಕೊನೆಗೆ ನೀರು ಕಂಡವರು. ಮಾವ ಅವರ ಸುದ್ದಿಯನ್ನು ಪೇಪರಿನಲ್ಲಿ ಓದಿ “ಇವರು ನಿಜವಾದ ಸ್ಯಾಪರ್” ಅಂದಿದ್ದರು.

ಸರಿ, ಲಾಂಛನಕ್ಕೆ ವಾಪಸ್ ಬರುತ್ತೇನೆ.

ಕಂಪೆನಿ ಮತ್ತು ರಾಣಿಯ ಕಾಲದಲ್ಲಿ ಒಂದು ಪಲ್ಟನು ಒಂದು ಯುದ್ಧದಲ್ಲಿ ಹೆಸರು ಮಾಡಿದರೆ ಆ ಊರಿನ ಹೆಸರನ್ನು ತನ್ನ ಗುರುತಿನ ಜೊತೆ ಬರೆದುಕೊಳ್ಳುವ ಹಕ್ಕು ಸಿಗುತ್ತಿತ್ತು. ಕೆಲವು ಯುದ್ಧಗಳಿಗೆ ಹೆಸರಿನ ಜೊತೆ ಒಂದು ಪ್ರಾಣಿಯ ಚಿತ್ರವೂ ಸಿಗುತ್ತಿತ್ತು. 1803 ಸೆಪ್ಟೆಂಬರ್ 23ರಂದು ಅಸ್ಸಾಯಿಯಲ್ಲಿ ವೆಲ್ಲೆಸ್ಲಿ ಮರಾಠರನ್ನು ಸೋಲಿಸಿದ್ದಕ್ಕೆ ಆನೆ. 1840-42ರ ಚೀನಾ ಯುದ್ಧಕ್ಕೆ ಕಿರೀಟ ಇಟ್ಟುಕೊಂಡ ಡ್ರ್ಯಾಗನ್. ಮದ್ರಾಸ್ ಸ್ಯಾಪರ್ಸ್ ಚೀನಾಕ್ಕೂ ಹೋಗಿದ್ದರು, ಹಾಗಾಗಿ ಅವರಿಗೂ ಡ್ರ್ಯಾಗನ್ ಸಿಕ್ಕಿತು. ಮದ್ರಾಸಿನ ತಂಬಿಗೆ ಚೀನಾದ ಡ್ರ್ಯಾಗನ್! ಕೇಳಲಿಕ್ಕೆ ಚಂದ. ಆದರೆ ಆ ಯುದ್ಧ ಯಾವುದು ಅಂತ ನೋಡಿದರೆ ಅಫೀಮಿನ ಯುದ್ಧ. ಚೀನಾದ ಸರಕಾರ ಅಫೀಮು ಬೇಡ ಅಂತ ಪೆಟ್ಟಿಗೆಗಟ್ಟಲೆ ಹಾಳುಮಾಡಿದ್ದಕ್ಕೆ, ನಮ್ಮ ದೇಶದಲ್ಲಿ ಬೆಳೆದ ಅದೇ ಅಫೀಮನ್ನು ಅವರಿಗೆ ಮಾರಲೇಬೇಕು ಅಂತ ಇಂಗ್ಲೆಂಡು ಹೂಡಿದ ಯುದ್ಧ. ನನ್ನ ಮಟ್ಟಿಗೆ ಶ್ರೀರಂಗಪಟ್ಟಣಕ್ಕಿಂತ ಹೆಚ್ಚು ಮುಜುಗರ ಕೊಟ್ಟದ್ದು ಈ ಡ್ರ್ಯಾಗನ್. ಶ್ರೀರಂಗಪಟ್ಟಣದಲ್ಲಿ ಎದುರಿಗಿದ್ದವನೂ ಒಬ್ಬ ದೊರೆ, ಅವನಿಗೂ ಸೈನ್ಯವಿತ್ತು, ಅವನೂ ಬೇರೆಯವರ ಕೋಟೆ ಹಿಡಿದವನೇ. ಚೀನಾದಲ್ಲಿ ನಮ್ಮವರು ಹೋರಾಡಿದ್ದು ಏತಕ್ಕೆ ಅನ್ನುವುದಕ್ಕೆ ಅಷ್ಟು ಸಮಾಧಾನವೂ ಸಿಗುವುದಿಲ್ಲ.

1876ರಲ್ಲಿ ವಿಕ್ಟೋರಿಯಾ ರಾಣಿಯ ‘ಸ್ವಂತ’ ಸ್ಯಾಪರ್ಸ್ ಅನ್ನುವ ಬಿರುದು ಬಂತು. ಆ ಮೇಲೆ ಹೆಸರು ಎರಡು ಮೂರು ಸಲ ಬದಲಾಯಿತು, ಆ ಲೆಕ್ಕ ಇಲ್ಲಿ ಬೇಡ. ತಿಳಿಯಬೇಕಾದ್ದು ಇಷ್ಟೇ, ಒಂದು ಕಾಲಕ್ಕೆ ಈ ಪಲ್ಟನಿನ ಗುರುತಿನ ಸುತ್ತ ರಾಣಿಯ ಹೆಸರು, ಕಿರೀಟ, ಆನೆ, ಡ್ರ್ಯಾಗನ್, ಊರೂರುಗಳ ಹೆಸರು ಎಲ್ಲಾ ತುಂಬಿ ಹೋಗಿತ್ತು. ನಮ್ಮ ಜಾತ್ರೆಯ ರಥದ ಹಾಗೆ.

ಇನ್ನೊಂದು ಕಡೆ, ಇಂಗ್ಲೆಂಡಿನ ಸ್ವಂತ ಇಂಜಿನಿಯರ್ ದಳ, ರಾಯಲ್ ಇಂಜಿನಿಯರ್ಸ್. ಅವರಿಗೆ ಇಂಥ ಪಟ್ಟಿಯೇ ಇಲ್ಲ! ಯಾಕೆಂದರೆ ಇಂಜಿನಿಯರುಗಳೂ ಫಿರಂಗಿಯವರೂ ಎಲ್ಲ ಯುದ್ಧದಲ್ಲೂ ಇರುತ್ತಾರೆ, ಊರಿನ ಹೆಸರು ಬರೆಯುತ್ತಾ ಹೋದರೆ ಜಾಗ ಸಾಲುವುದಿಲ್ಲ. ಅದಕ್ಕೆ ನಾಲ್ಕನೆಯ ವಿಲಿಯಂ ದೊರೆ 1832ರಲ್ಲಿ ಈ ಎರಡೂ ದಳಗಳಿಗೆ ಒಂದೇ ಲ್ಯಾಟಿನ್ ಪದ ಕೊಟ್ಟ: ‘ಉಬೀಕ್ವೆ’. ಎಲ್ಲೆಲ್ಲೂ, ಅಂತ ಅರ್ಥ. ಜೊತೆಗೆ ‘ಧರ್ಮವೂ ಕೀರ್ತಿಯೂ ಕರೆದಲ್ಲಿಗೆ’ ಅನ್ನುವ ಅರ್ಥದ ಇನ್ನೊಂದು ಲ್ಯಾಟಿನ್ ಸಾಲು. ಎರಡೂ ದಳಗಳ ಗುರುತಿನಲ್ಲಿ ಸಿಡಿಯುವ ಗ್ರೆನೇಡೂ ಉಂಟು, ಇಂಜಿನಿಯರುಗಳದಕ್ಕೆ ಒಂಬತ್ತು ಜ್ವಾಲೆ, ಫಿರಂಗಿಯವರದಕ್ಕೆ ಏಳು. ದೂರದಿಂದ ನೋಡಿ ಎಣಿಸುವವರು ಯಾರೋ!

ಸ್ವಾತಂತ್ರ್ಯ ಬಂದ ಮೇಲೆ ಇದನ್ನೆಲ್ಲ ಏನು ಮಾಡುವುದು ಅನ್ನುವ ಪ್ರಶ್ನೆ ಬಂತು. 1950 ಜನವರಿ 26ಕ್ಕೆ ಗಣರಾಜ್ಯವಾದಾಗ ಕಿರೀಟ ಇಳಿದು ಅದರ ಜಾಗದಲ್ಲಿ ಸಾರನಾಥದ ಸಿಂಹಗಳು ಕೂತವು. ರಾಜ ರಾಣಿಯರ ಬಿರುದುಗಳು ಹೋದವು. ಲ್ಯಾಟಿನ್ ಹೋಗಿ ನಮ್ಮ ಭಾಷೆ ಬಂತು. ಇಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಂಗತಿ ಇದೆ. ಇಂಗ್ಲೆಂಡಿನಲ್ಲಿ ಫಿರಂಗಿಯವರು ಮತ್ತು ಇಂಜಿನಿಯರುಗಳು ಹಂಚಿಕೊಂಡಿದ್ದ ಆ ಒಂದು ಪದವನ್ನು ನಮ್ಮ ಎರಡೂ ದಳಗಳೂ ಬಿಟ್ಟುಕೊಡಲಿಲ್ಲ. ನಮ್ಮ ಫಿರಂಗಿ ದಳದ ಧ್ಯೇಯವಾಕ್ಯ ‘ಸರ್ವತ್ರ ಇಜ್ಜತ್-ಓ-ಇಕ್ಬಾಲ್’, ಎಲ್ಲೆಲ್ಲೂ ಮಾನ ಮತ್ತು ಕೀರ್ತಿ. ಸಂಸ್ಕೃತದ ಒಂದು ಪದದ ಬೆನ್ನಿಗೆ ಉರ್ದುವಿನ ಎರಡು ಪದ. ಇಂಜಿನಿಯರುಗಳು ಉದ್ದದ ಮಾತೇ ಬೇಡ ಅಂತ ‘ಸರ್ವತ್ರ’ ಒಂದನ್ನೇ ಇಟ್ಟುಕೊಂಡರು. ಕನ್ನಡದವರಿಗೆ ಆ ಪದಕ್ಕೆ ಅರ್ಥ ಹೇಳುವ ಅಗತ್ಯವೂ ಇಲ್ಲ. ಐದು ವರ್ಷಕ್ಕೊಮ್ಮೆ ‘ಸಾರ್ವತ್ರಿಕ’ ಚುನಾವಣೆಯಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುತ್ತೇವಲ್ಲ.

ಯುದ್ಧಗೌರವಗಳ ವಿಷಯ ಇಷ್ಟು ಸುಲಭಕ್ಕೆ ಮುಗಿಯಲಿಲ್ಲ. ನಮ್ಮ ಸೇನೆ ಹಳೆಯ ಪಟ್ಟಿಗಳನ್ನು ಜರಡಿ ಹಿಡಿಯಿತು. ದೇಶದ ಒಳಗೇ ನಮ್ಮವರನ್ನು ಮಣಿಸಲು ನಡೆದ ಯುದ್ಧಗಳ ಗೌರವಗಳು, ಅಂದರೆ ಮೈಸೂರು, ಶ್ರೀರಂಗಪಟ್ಟಣ, ಅಸ್ಸಾಯಿ, 1857ರ ಲಖನೌ, ಇಂಥವು ರಾಷ್ಟ್ರದ ಮನಸ್ಸಿಗೆ ಒಗ್ಗದವು ಅಂತ ತೀರ್ಮಾನವಾಯಿತು. ಅವುಗಳ ಹೆಸರಿನಲ್ಲಿ ದಿನಾಚರಣೆ ಮಾಡುವ ಹಾಗಿಲ್ಲ. ಹಾಗಂತ ಇತಿಹಾಸದ ಪುಸ್ತಕದಿಂದ ಹರಿದೂ ಹಾಕಿಲ್ಲ. ಅದಕ್ಕೇ ಮಾವನ ಸ್ಮರಣ ಸಂಚಿಕೆಯಲ್ಲಿ ಆ ಹೆಸರು ಇನ್ನೂ ಕೂತಿದೆ. ಗೋಡೆಯ ಹಿತ್ತಾಳೆಯಲ್ಲಿ ಮಾತ್ರ ಇಲ್ಲ. ಮಂಡ್ಯದ ಹುಡುಗನಿಗೆ ಹೇಳಬೇಕಾದ ಉತ್ತರದ ಅರ್ಧ ಇದರಲ್ಲಿದೆ ಅಂತ ನನಗೆ ತೋರುತ್ತದೆ.

ಆದರೆ ಜರಡಿಯ ಕಣ್ಣು ಎಲ್ಲ ಕಡೆ ಒಂದೇ ಅಳತೆಯದಲ್ಲ. ಅಸ್ಸಾಯಿಯ ಗೌರವ ಒಗ್ಗದು ಅಂತಾಯಿತು, ಅಸ್ಸಾಯಿಯ ಆನೆ ಮಾತ್ರ ಇವತ್ತಿಗೂ ಮದ್ರಾಸ್ ರೆಜಿಮೆಂಟಿನ (ಇದು ಕಾಲಾಳು ಪಡೆ, ಮಾವನ ಪಲ್ಟನಲ್ಲ, ಬಹಳ ಜನ ಎರಡನ್ನೂ ಒಂದೇ ಮಾಡುತ್ತಾರೆ) ಲಾಂಛನದಲ್ಲಿ ಸೊಂಡಿಲು ಎತ್ತಿ ನಿಂತಿದೆ. ಈಗ ಅದನ್ನು ನೋಡಿ ಯಾರಿಗೂ ಮರಾಠರ ಸೋಲು ನೆನಪಾಗುವುದಿಲ್ಲ. ದಕ್ಷಿಣದ ಕಾಡಿನ ಆನೆ, ಬಲಶಾಲಿ, ನಂಬಿಕಸ್ಥ ಪ್ರಾಣಿ, ಅಷ್ಟೇ. ಲಾಂಛನಗಳಿಗೆ ಈ ಗುಣ ಇದೆ. ನಮ್ಮ ಗಂಡಭೇರುಂಡವನ್ನೇ ನೋಡಿ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಆನೆಗಳನ್ನು ಕೊಕ್ಕು ಮತ್ತು ಉಗುರುಗಳಲ್ಲಿ ಹಿಡಿದು ಹಾರುವ ಭಯಂಕರ ಪಕ್ಷಿ ಅದು. ಮೈಸೂರು ಒಡೆಯರ ಗುರುತಾಗಿ, 1918ರಲ್ಲಿ ಹೈಫಾದಲ್ಲಿ ಕುದುರೆ ಓಡಿಸಿದ ಮೈಸೂರು ಲ್ಯಾನ್ಸರ್ಸ್‌ನವರ ಬ್ಯಾಡ್ಜಾಗಿ, ಈಗ ಕರ್ನಾಟಕ ಸರಕಾರದ ಎಲ್ಲ ಕಾಗದಗಳ ತಲೆಯಲ್ಲಿ ಸೌಮ್ಯವಾಗಿ ಕೂತಿದೆ. ಪಹಣಿ ಪತ್ರ ನೋಡುವಾಗ ಯಾರಿಗಾದರೂ ಹೆದರಿಕೆಯಾದರೆ ಅದು ಪಕ್ಷಿಯಿಂದ ಅಲ್ಲ.

ನಮ್ಮ ಊರುಗಳಿಗೂ ಹಳೆಯ ಲಾಂಛನವೊಂದಿತ್ತು. ಉದ್ಯಾವರ, ಬಾರಕೂರುಗಳಿಂದ ಆಳಿದ ಆಳುಪರದ್ದು ಜೋಡಿ ಮೀನು. ಅವರ ಚಿನ್ನದ ನಾಣ್ಯಗಳಲ್ಲಿ ಎರಡು ಮೀನು ಪಕ್ಕಪಕ್ಕ ಇರುತ್ತವೆ. ಕರಾವಳಿಯವರಿಗೆ ಇದಕ್ಕಿಂತ ಸರಿಯಾದ ಗುರುತು ಬೇರೆ ಬೇಕೇ? ಚಾಲುಕ್ಯರಿಗೂ ವಿಜಯನಗರಕ್ಕೂ ವರಾಹ. ವರಾಹ ಅಂದರೆ ಮೂತಿಯಿಂದಲೂ ಕೋರೆಯಿಂದಲೂ ನೆಲ ಅಗೆಯುವ ಪ್ರಾಣಿ, ಪುರಾಣದಲ್ಲಿ ಭೂಮಿಯನ್ನೇ ಅಗೆದು ಎತ್ತಿದವನು. ನನ್ನನ್ನು ಕೇಳಿದ್ದರೆ ಸ್ಯಾಪರ್‌ಗಳಿಗೆ ವರಾಹವನ್ನೇ ಕೊಡುತ್ತಿದ್ದೆ. ಯಾರೂ ಕೇಳಲಿಲ್ಲ ಬಿಡಿ. ವರಾಹದ ಗುರುತಿನ ವಿಜಯನಗರದ ಸೈನ್ಯದಲ್ಲೂ ಅಗೆಯುವವರಿದ್ದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ, ಹಾರೆ ಪಿಕಾಸಿ ಹಿಡಿದು ಗೋಡೆಯ ಬುಡಕ್ಕೆ ಹೋಗಿ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರ ನೋಡಿ ದುಡ್ಡು ಕೊಡುತ್ತಿದ್ದರಂತೆ. ಪೋರ್ಚುಗೀಸ್ ನೂನಿಜ್ ಬರೆದಿಟ್ಟಿದ್ದಾನೆ. ಮೇಲಿನಿಂದ ಬಾಣ, ಕಲ್ಲು ಬೀಳುತ್ತಿರುವಾಗ ಕಲ್ಲಿಗಿಷ್ಟು ಅಂತ ಲೆಕ್ಕ. ಆ ಜನರ ಹೆಸರೂ ಇಲ್ಲ, ಲಾಂಛನವೂ ಇಲ್ಲ.

ಇನ್ನು ಕಾರ್ಕಳದ ಗೊಮ್ಮಟ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು, 42 ಅಡಿ ಎತ್ತರದ ಒಂದೇ ಕಲ್ಲು. ಮಾವ ಅದನ್ನು ನೋಡುವುದು ಭಕ್ತರ ಹಾಗಲ್ಲ, ಕಲಾರಸಿಕರ ಹಾಗೂ ಅಲ್ಲ. ಒಮ್ಮೆ ನಮ್ಮನ್ನೆಲ್ಲ ಕರೆದುಕೊಂಡು ಹೋದಾಗ ಬೆಟ್ಟದ ಬುಡದಲ್ಲೇ ನಿಂತು ಮೇಲೆ ನೋಡುತ್ತಾ, “ಇದನ್ನು ಎತ್ತಿದವರ ಸುಬೇದಾರ ಯಾರು ಅಂತ ಗೊತ್ತಾಗಬೇಕಿತ್ತು” ಅಂದಿದ್ದರು. ಆಗ ನಮಗೆ ನಗು ಬಂದಿತ್ತು.

ಮೊಮ್ಮಗಳು ಓದುವ ಸಿವಿಲ್ ಇಂಜಿನಿಯರಿಂಗಿಗೆ ಆ ಹೆಸರು ಯಾಕೆ ಬಂತು ಅಂತ ಗೊತ್ತೇ? ಹದಿನೆಂಟನೆಯ ಶತಮಾನದ ತನಕ ಇಂಜಿನಿಯರ್ ಅಂದರೆ ಸೈನ್ಯದವನೇ. ಜಾನ್ ಸ್ಮೀಟನ್ ಅನ್ನುವ ಇಂಗ್ಲಿಷಿನವನು ‘ನಾನು ಆ ಥರದವನಲ್ಲ, ನಾಗರಿಕರ ಕೆಲಸ ಮಾಡುವವನು’ ಅಂತ ತನ್ನನ್ನು ಸಿವಿಲ್ ಇಂಜಿನಿಯರ್ ಅಂತ ಕರೆದುಕೊಂಡ. ಅವನು ಹೆಸರು ಮಾಡಿದ್ದು ಸಮುದ್ರದ ಬಂಡೆಯ ಮೇಲೆ ಕಟ್ಟಿದ ಎಡ್ಡಿಸ್ಟನ್ ಲೈಟ್‌ಹೌಸಿನಿಂದ, 1759ರಲ್ಲಿ. ನಮ್ಮ ಕಾಪುವಿನದೂ ಸಮುದ್ರದ ಬಂಡೆಯ ಮೇಲಿನದೇ, 1901ರದ್ದು. ಹಾಗಾಗಿ ಅಜ್ಜನ ಮನೆಯ ಜಗಲಿಯಲ್ಲಿ ಕೂತು ಲೈಟ್‌ಹೌಸ್ ನೋಡುವ ಮೊಮ್ಮಗಳ ವಿದ್ಯೆ ಅಜ್ಜನ ವಿದ್ಯೆಯಿಂದ ಕವಲೊಡೆದು ಬಂದದ್ದೇ. ಬೆಂಗಳೂರಿನಲ್ಲಂತೂ ಈ ಎರಡರ ನಡುವೆ ಗೆರೆ ಎಳೆಯುವುದು ಕಷ್ಟ. ಅಠಾರಾ ಕಚೇರಿಯನ್ನೂ (ಈಗಿನ ಹೈಕೋರ್ಟು) ಸ್ಯಾಂಕಿ ಕೆರೆಯನ್ನೂ ಮಾಡಿಸಿದ ಸ್ಯಾಂಕಿ ಮದ್ರಾಸ್ ಇಂಜಿನಿಯರ್ಸ್‌ನ ಅಧಿಕಾರಿ. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಇನ್ನೊಬ್ಬ ಮದ್ರಾಸ್ ಇಂಜಿನಿಯರ್ ಕಾಲಿನ್ ಮೆಕೆಂಜಿ, ಯುದ್ಧ ಮುಗಿದ ಮೇಲೆ ಮೈಸೂರಿನ ಸರ್ವೆ ಮಾಡುತ್ತಾ ಶಾಸನ, ಕೈಫಿಯತ್ತುಗಳನ್ನು ರಾಶಿ ಹಾಕಿದ. ಕೋಟೆ ಒಡೆಯಲು ಬಂದವನು ಕೂಡಿಸಿಟ್ಟ ಕಾಗದಗಳಿಂದ ನಮ್ಮ ಸ್ಥಳೀಯ ಇತಿಹಾಸ ಎಷ್ಟೋ ಉಳಿದುಕೊಂಡಿತು. ಇದನ್ನು ಯಾವ ಕಡೆಗೆ ಸೇರಿಸುವುದು?

ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಮೊನ್ನೆ ಮಾವನ ಮನೆಗೆ ಹೋಗಿದ್ದೆ. ಪೊಳ್ಳಿಲೂರಿನ ದಿನಾಂಕ ಹೇಳಿದಾಗ ಅವರು “ಇಪ್ಪತ್ತೇ ದಿನ!” ಅಂತ ಎರಡು ಸಲ ಹೇಳಿಕೊಂಡರು. ಅಫೀಮಿನ ಕಥೆಗೆ ತಲೆ ಅಲ್ಲಾಡಿಸಿದರು. ಬೆಂಗಳೂರಿನಲ್ಲಿ 1912ರಲ್ಲಿ ಸ್ಯಾಪರ್‌ಗಳ ಅಧಿಕಾರಿ ಮ್ಯಾಕ್‌ಕ್ಲಿಂಟಾಕ್ ಮುಳ್ಳುತಂತಿ ಸಿಡಿಸಲು ಮಾಡಿದ ಕೊಳವೆ ಜಗತ್ತಿನ ಎಲ್ಲ ಸೈನ್ಯಗಳಲ್ಲಿ ‘ಬ್ಯಾಂಗಲೋರ್ ಟಾರ್ಪಿಡೊ’ ಅಂತಲೇ ಕರೆಸಿಕೊಳ್ಳುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. 1944ರಲ್ಲಿ ಇಟಲಿಯ ಮಿನ್ಯಾನೊದಲ್ಲಿ ಸಿಡಿಯಲಿದ್ದ ಮೈನಿನ ಮೇಲೆ ತಾನೇ ಬಿದ್ದು ಜೊತೆಯವರನ್ನು ಉಳಿಸಿದ ಸುಬೇದಾರ್ ಸುಬ್ರಮಣಿಯನ್ ಬಗ್ಗೆ ಹೇಳುವಾಗ ಅವರ ಸ್ವರ ಸಣ್ಣದಾಯಿತು. ಜಾರ್ಜ್ ಕ್ರಾಸ್ ಪಡೆದ ಮೊದಲ ಭಾರತೀಯ ಆತ. “ಆ ಮೆಡಲಿನಲ್ಲೂ ರಾಜನ ಹೆಸರೇ ಇರುವುದು. ಹಾಗಂತ ಅವರು ಬಿದ್ದದ್ದು ರಾಜನಿಗಾಗಿಯಾ? ಪಕ್ಕದಲ್ಲಿದ್ದವರಿಗಾಗಿ” ಅಂದರು.

ನಾನು ಏನೂ ಹೇಳಲಿಲ್ಲ. ಶ್ರೀರಂಗಪಟ್ಟಣದ ಗೋಡೆಯ ಬುಡದಲ್ಲಿ ಅಗೆದವರಿಗೂ ಈ ಮಾತು ಹೊಂದುತ್ತದೆಯೇ, ಸಂಬಳಕ್ಕೆ ಅಗೆದವರಲ್ಲವೇ ಅವರು, ಅಂತ ಕೇಳಬೇಕು ಅನಿಸಿತ್ತು. ಕೇಳಲಿಲ್ಲ. ಅವರೇ ಮುಂದುವರಿಸಿದರು. “ಆ ಹುಡುಗನ ನಂಬರ್ ಉಂಟಾ ಅಂತ ಪುಳ್ಳಿ ಹತ್ರ ಕೇಳಿದೆ. ಫೋನಿನಲ್ಲಿ ಹೇಳಿದೆ, ನಮ್ಮವರು ಕಂಪೆನಿ ಕಡೆ ಇದ್ದದ್ದು ಹೌದು, ನಿಮ್ಮ ಊರಿನ ಕೋಟೆಗೆ ದಾರಿ ಮಾಡಿದ್ದು ಹೌದು ಅಂತ. ಅವತ್ತು ನಾನು ತಮಾಷೆ ಮಾಡಿ ತಪ್ಪಿಸಿಕೊಂಡದ್ದು ಸರಿಯಲ್ಲ ಅಂತ.”

“ಅವನು ಎಂತ ಹೇಳಿದ?”

“ಅವನಿಗೆ ನೆನಪೇ ಇರ್ಲಿಲ್ಲ ಮಾರಾಯ!” ಅಂತ ಮಾವ ಜೋರಾಗಿ ನಕ್ಕರು. “ವಯನಾಡಿನ ಸೇತುವೆ ಕಟ್ಟಿದ್ದು ನಿಮ್ಮ ರೆಜಿಮೆಂಟಾ ಅಂತ ಕೇಳಿದ. ಹೌದು ಅಂದೆ. ಅದರ ಡ್ರಾಯಿಂಗ್ ಉಂಟಾ ತಾತ ಅಂತ ಕೇಳ್ತಾನೆ.”

2024ರ ಜುಲೈ 30ರ ಭೂಕುಸಿತದ ನಂತರ ಚೂರಲ್‌ಮಲದಲ್ಲಿ 190 ಅಡಿಯ ಬೈಲಿ ಸೇತುವೆ ಕಟ್ಟಿದ್ದು ಮದ್ರಾಸ್ ಇಂಜಿನಿಯರ್ ಗ್ರೂಪಿನವರೇ. ಮೇಜರ್ ಸೀತಾ ಶೆಳ್ಕೆಯವರ ಫೋಟೋ ಎಲ್ಲರೂ ನೋಡಿದ್ದೀರಿ. ಆಗಸ್ಟ್ 1ರ ಸಂಜೆ ಅದರ ಮೇಲೆ ಗಾಡಿ ಓಡುವಾಗ ಮಾವ ಟಿವಿಯ ಮುಂದಿನಿಂದ ಎದ್ದಿರಲಿಲ್ಲ. ಪೊಳ್ಳಿಲೂರಿನ ಬೈಲಿಗೂ ಈ ಸೇತುವೆಯ ಬೈಲಿಗೂ ಸಂಬಂಧ ಇಲ್ಲ, ಇದು ಎರಡನೇ ಮಹಾಯುದ್ಧದ ಕಾಲದ ಡೊನಾಲ್ಡ್ ಬೈಲಿಯ ಹೆಸರಿನದು.

ಡ್ರಾಯಿಂಗ್ ಮಾವನ ಹತ್ತಿರ ಇರಲಿಲ್ಲ. ಆದರೆ 1971ರಲ್ಲಿ ತಾವು ಜೋಡಿಸಿದ್ದ ಬೈಲಿಯ ಪ್ಯಾನಲುಗಳು, ಪಿನ್ನುಗಳು ಕೈಗೆ ಇನ್ನೂ ನೆನಪಿವೆಯಂತೆ. ನಾನು ಹೋದಾಗ ಊಟದ ಮೇಜಿನ ಮೇಲೆ ಮೊಮ್ಮಗಳ ಗ್ರಾಫ್ ಹಾಳೆ ಹರಡಿಕೊಂಡು, ಸ್ಕೇಲು ಹಿಡಿದು ಗೆರೆ ಎಳೆಯುತ್ತಾ ಕೂತಿದ್ದರು. ಒಂದು ಪ್ಯಾನಲು ಹತ್ತು ಅಡಿ. ಹತ್ತೊಂಬತ್ತು ಬರೆಯಬೇಕು. ಹನ್ನೆರಡಾಗಿತ್ತು.

ನಿಮ್ಮ ಮನೆಗಳಲ್ಲೂ ಇಂಥ ಹಿತ್ತಾಳೆಯ ಗುರುತು, ಹಳೆಯ ಬ್ಯಾಡ್ಜು, ಪಲ್ಟನಿನ ಫೋಟೋ ಇದ್ದರೆ ಅದರಲ್ಲಿ ಏನು ಬರೆದಿದೆ ಅಂತ ಒಮ್ಮೆ ಒರೆಸಿ ನೋಡಿ. ಓದಲು ಸಿಕ್ಕಿದ್ದನ್ನು ಇಲ್ಲಿ ಹೇಳಿದರೆ ಮಾವನಿಗೆ ಓದಿ ಹೇಳುತ್ತೇನೆ. ಅವರಿಗೆ ಈಗ ಕಣ್ಣು ಸ್ವಲ್ಪ ಮಂಜು.